ದರಕು, ಶವಸಂಸ್ಕಾರ ಮತ್ತು ಸೋಂಕಿನ ದಾರಿ: ಕ್ಯಾಸನೂರು ಕಾಡಿನ ಕಾಯಿಲೆ ಹಾಗೂ ಕುರು

1957ರಲ್ಲಿ ಎರಡು ಹೊಸ ಕಾಯಿಲೆಗಳು ವೈದ್ಯಲೋಕದ ಗಮನಕ್ಕೆ ಬಂದವು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ಮೈಕೈ ನೋವಿನಿಂದ ಮಲಗಿದರು. ಅದೇ ವರ್ಷ ನ್ಯೂಗಿನಿಯ ಪೂರ್ವದ ಎತ್ತರದ ನಾಡಿನಲ್ಲಿ ಫೋರೆ ಜನರ ನಡುವೆ ಕಾಣುತ್ತಿದ್ದ ಕುರು ಎಂಬ ಮಾರಕ ನಡುಕವನ್ನು ವಿನ್ಸೆಂಟ್ ಜಿಗಾಸ್ ಮತ್ತು ಕಾರ್ಲ್‌ಟನ್ ಗೈಡುಸೆಕ್ ವಿವರವಾಗಿ ದಾಖಲಿಸಿದರು. ಮೊದಲನೆಯದು ವೈರಸ್ಸಿನದು, ಎರಡನೆಯದು ಪ್ರಯಾನ್ ಎಂಬ ಪ್ರೋಟೀನಿನದು. ದೇಹದೊಳಗೆ ಇವೆರಡರ ನಡೆಗೆ ಹೋಲಿಕೆಯೇ ಇಲ್ಲ. ಆದರೂ ಇವು ಹರಡುವ ದಾರಿಯನ್ನು ಬಿಡಿಸಿಕೊಟ್ಟದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಯಾವ ಕೆಲಸ ಯಾರದು? ಪ್ರಯೋಗಾಲಯದ ಕಥೆಯಲ್ಲಿ ಈ ಪ್ರಶ್ನೆಗೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ ಎಂಬುದು ಈ ಲೇಖನದ ವಾದ.

ಸೊರಬದ ಮಂಗಗಳ ಸಾವು ಮೊದಲು ಹುಟ್ಟಿಸಿದ್ದು ಹಳದಿ ಜ್ವರದ ಭಯ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿದ್ದು ಏಷ್ಯಾಕ್ಕೆ ಅಲ್ಲಿಯವರೆಗೆ ಕಾಲಿಡದ ಆ ಕಾಯಿಲೆ ಭಾರತಕ್ಕೂ ಬಂತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಧಾವಿಸಿತು. ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರಿಗೆ ಸತ್ತ ಮಂಗಗಳಲ್ಲಿ ಸಿಕ್ಕ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿಗೆ ಹತ್ತಿರದ್ದಾಗಿತ್ತು. ಹಾಗಾಗಿ ಗಮನ ಸೊಳ್ಳೆಯಿಂದ ಉಣುಗಿನತ್ತ ತಿರುಗಿತು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮುಖ್ಯ ವಾಹಕವೆಂದು ಖಚಿತವಾಯಿತು.

ಈ ಉಣುಗಿನ ವರ್ಷಚಕ್ರವನ್ನೂ ಮಲೆನಾಡಿನ ಕೃಷಿಚಕ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬೆಳೆದ ಉಣುಗು ಹೆಚ್ಚಾಗಿ ಮಳೆಗಾಲದಲ್ಲಿ ದನಗಳ ಮೈಮೇಲಿರುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳು ಇಲಿ, ಹೆಗ್ಗಣ, ಮಂಗ, ಹಕ್ಕಿಗಳ ರಕ್ತ ಹೀರಿ ಮುಂದಿನ ಹಂತಕ್ಕೆ ಹೋಗುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಎರಡನೇ ಹಂತದ, ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಉಣುಗು. ಅದು ನೆಲದ ಒಣ ಎಲೆಗಳ ಮೇಲೆ ದಟ್ಟವಾಗುವುದು ಡಿಸೆಂಬರಿನಿಂದ ಬೇಸಿಗೆಯವರೆಗೆ. ಆ ಒಣ ಎಲೆಯನ್ನು, ಅಂದರೆ ದರಕನ್ನು ಗುಡಿಸುವುದು, ಕಟ್ಟಿಗೆ ಒಟ್ಟುವುದು, ಕೊಟ್ಟಿಗೆಗೆ ಸೊಪ್ಪು ತರುವುದು, ದನ ಮೇಯಿಸುವುದು ಎಲ್ಲವೂ ಆ ತಿಂಗಳುಗಳಲ್ಲೇ. ಕಪ್ಪು ಮೋರೆಯ ಮುಸಿಯನೋ ಮಂಗವೋ ಸತ್ತು ಬಿದ್ದರೆ ಅದರ ಮೈಯ ಉಣುಗುಗಳು ಉದುರಿ ಆ ಜಾಗವೇ ಸೋಂಕಿನ ತಾಣವಾಗುತ್ತದೆ. ಮರುದಿನ ಅಲ್ಲಿಗೆ ಬುಟ್ಟಿ ಹೊತ್ತು ಹೋದವರಿಗೆ ಕಾಯಿಲೆ. ಕಾಡು ಕಡಿದು ಗದ್ದೆ, ತೋಟ ಮಾಡಿ ದನಗಳನ್ನು ಕಾಡಂಚಿಗೆ ಅಟ್ಟಿದ್ದರಿಂದ ಉಣುಗುಗಳ ಸಂಖ್ಯೆ ಏರಿತೆಂದು ಸಂಶೋಧಕ ಹೋರ್ಹೆ ಬೋಶೆಲ್ 1960ರ ದಶಕದಲ್ಲೇ ವಾದಿಸಿದ್ದರು. ನನ್ನ ದೃಷ್ಟಿಯಲ್ಲಿ ಈ ಕಾಯಿಲೆಯ ಬಗ್ಗೆ ಬಂದ ಅತ್ಯಂತ ಮುಖ್ಯ ವಿಚಾರಗಳಲ್ಲಿ ಅದೊಂದು.

ದೇಹದೊಳಗೆ ಈ ವೈರಸ್ಸಿಗೆ ಅವಸರ ಹೆಚ್ಚು. ಉಣುಗಿನ ಜೊಲ್ಲಿನೊಡನೆ ಚರ್ಮಕ್ಕಿಳಿದು, ಜೀವಕೋಶದೊಳಗೆ ಹೊಕ್ಕು, ತನ್ನ ಆರ್‌ಎನ್‌ಎಯನ್ನು ಆ ಕೋಶದ ಯಂತ್ರಕ್ಕೆ ಒಪ್ಪಿಸಿ ಸಾವಿರಾರು ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಮೂರರಿಂದ ಎಂಟು ದಿನಗಳಲ್ಲಿ ಚಳಿಯೊಂದಿಗೆ ಜ್ವರ, ತಲೆನೋವು, ಸೊಂಟ ಮುರಿದಂಥ ನೋವು, ಕೆಂಗಣ್ಣು, ವಾಂತಿ. ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕುಸಿಯುತ್ತವೆ; ಕೆಲವರಿಗೆ ಮೂಗು, ಒಸಡು, ಕರುಳಿನಿಂದ ರಕ್ತಸ್ರಾವ. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರಿಟ್ಟ ಒಂದೆರಡು ವಾರದ ಮೇಲೆ ಕೆಲವರಲ್ಲಿ ಅದು ಮರಳುತ್ತದೆ, ಈ ಸಲ ನಡುಕ, ಕತ್ತು ಬಿಗಿತ, ಮಬ್ಬುಗಣ್ಣಿನ ಜೊತೆಗೆ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಬದುಕಿದವರ ರಕ್ತದಲ್ಲಿ ಪ್ರತಿಕಾಯಗಳು ಉಳಿಯುತ್ತವೆ. ಜ್ವರವೆಂಬುದು ಬಹುಮಟ್ಟಿಗೆ ದೇಹ ಹೊರಗಿನವನನ್ನು ಗುರುತಿಸಿ ಹೂಡಿದ ಹೋರಾಟ.

ಕುರುವಿನಲ್ಲಿ ಆ ಹೋರಾಟವೇ ಇಲ್ಲ. ಜ್ವರವಿಲ್ಲ, ಬೆನ್ನುಹುರಿಯ ದ್ರವದಲ್ಲಿ ಉರಿಯೂತದ ಗುರುತಿಲ್ಲ, ರಕ್ತದಲ್ಲಿ ಪ್ರತಿಕಾಯವಿಲ್ಲ. ರೋಗಿಗೆ ಮೊದಲು ನಡಿಗೆ ತಡವರಿಸುತ್ತದೆ. ಆಮೇಲೆ ಆಸರೆಯಿಲ್ಲದೆ ನಿಲ್ಲಲಾಗದು. ಕೊನೆಗೆ ಕುಳಿತುಕೊಳ್ಳಲೂ ನುಂಗಲೂ ಆಗದು. ಸಾಮಾನ್ಯವಾಗಿ ವರ್ಷದೊಳಗೆ ಸಾವು. ಸತ್ತವರ ಕಿರುಮೆದುಳಿನಲ್ಲಿ ನರಕೋಶಗಳು ನಾಶವಾಗಿ ಅಂಗಾಂಶ ತೂತುತೂತಾಗಿರುತ್ತಿತ್ತು. ಫೋರೆ ಜನ ಇದನ್ನು ಮಾಟವೆಂದು ನಂಬಿದರು. ವಂಶಗಳಲ್ಲಿ ಹರಿದುಬರುತ್ತಿದ್ದುದರಿಂದ ವಿಜ್ಞಾನಿಗಳಲ್ಲಿ ಹಲವರು ವಂಶವಾಹಿಯ ದೋಷವೆಂದು ಊಹಿಸಿದರು.

1960ರ ದಶಕದ ಆರಂಭದಲ್ಲಿ ಮಾನವಶಾಸ್ತ್ರಜ್ಞರಾದ ಶರ್ಲಿ ಲಿಂಡೆನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್ ಊರೂರು ತಿರುಗಿ ವಂಶಾವಳಿಗಳನ್ನೂ ಹಿರಿಯರ ನೆನಪುಗಳನ್ನೂ ಬರೆದುಕೊಂಡರು. ಕುರು ಪ್ರಾಚೀನವಲ್ಲ, ಜನರ ನೆನಪಿನೊಳಗೇ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ದಾಟಿ ಬಂದದ್ದು ಎಂದು ಅದರಿಂದ ತಿಳಿಯಿತು. ಇಷ್ಟು ಮಾರಕವಾದ ವಂಶವಾಹಿ ದೋಷ ಇಷ್ಟು ಬೇಗ ಹಾಗೆ ಹರಡಲಾರದು. ಸಾಯುತ್ತಿದ್ದವರು ಬಹುಪಾಲು ಹೆಂಗಸರು ಮತ್ತು ಎರಡೂ ಲಿಂಗದ ಮಕ್ಕಳು. ಬೆಳೆದ ಗಂಡಸರು ವಿರಳ. ಸತ್ತ ಬಂಧುವಿನ ದೇಹವನ್ನು ಅಣಿಗೊಳಿಸಿ, ಮೆದುಳು ಸೇರಿದಂತೆ ತಿನ್ನುತ್ತಿದ್ದವರು ಹೆಂಗಸರು. ತಾಯಿಯ ಜೊತೆಗಿದ್ದ ಮಕ್ಕಳಿಗೂ ಪಾಲು ಸಿಗುತ್ತಿತ್ತು. ಹುಡುಗರು ಸ್ವಲ್ಪ ದೊಡ್ಡವರಾದಮೇಲೆ ಗಂಡಸರ ಮನೆಗೆ ಹೋಗುತ್ತಿದ್ದರು, ಆ ಊಟದಿಂದಲೂ ದೂರವಾಗುತ್ತಿದ್ದರು. ಇದನ್ನು ಕ್ರೌರ್ಯವೆಂದು ಬರೆದವರ ಮೇಲೆ ನನಗೆ ತಕರಾರಿದೆ. ಅದು ಸತ್ತವರ ಮೇಲಿನ ಪ್ರೀತಿಯಿಂದ, ಅವರನ್ನು ಮಣ್ಣಿನ ಹುಳುಗಳಿಗೆ ಬಿಡಬಾರದೆಂಬ ಕಾಳಜಿಯಿಂದ ನಡೆದ ಶವಸಂಸ್ಕಾರ. ಅದನ್ನು ಹಾಗೆ ಗೌರವಿಸಿ ಕೇಳಿದ್ದರಿಂದಲೇ ಆ ಇಬ್ಬರು ಸಂಶೋಧಕರಿಗೆ ಉತ್ತರ ಸಿಕ್ಕಿತು.

1959ರಲ್ಲಿ ಪಶುವೈದ್ಯ ವಿಲಿಯಂ ಹ್ಯಾಡ್ಲೊ ಕುರುವಿನ ಮೆದುಳು ಕುರಿಗಳ ಸ್ಕ್ರೇಪಿ ರೋಗದ ಮೆದುಳನ್ನು ಹೋಲುತ್ತದೆಂದು ತೋರಿಸಿದ್ದರು. ಆ ಸುಳಿವು ಹಿಡಿದು ಚಿಂಪಾಂಜಿಗಳಿಗೆ ಕುರು ದಾಟಿಸಿದ ಪ್ರಯೋಗ 1966ರಲ್ಲಿ ಪ್ರಕಟವಾಯಿತು. 1982ರಲ್ಲಿ ಸ್ಟ್ಯಾನ್ಲಿ ಪ್ರೂಸಿನರ್ ಸೋಂಕಿನ ಮೂಲ ಬರೀ ಪ್ರೋಟೀನ್ ಎಂದು ಪ್ರತಿಪಾದಿಸಿ ಅದನ್ನು ಪ್ರಯಾನ್ ಎಂದು ಕರೆದರು. ನಮ್ಮೆಲ್ಲರ ನರಕೋಶಗಳಲ್ಲಿ ಸಹಜವಾಗಿರುವ ಪ್ರೋಟೀನೊಂದು ತಪ್ಪಾಗಿ ಮಡಚಿಕೊಂಡರೆ, ಪಾಕದಲ್ಲಿ ಮೊದಲು ಗಟ್ಟಿಯಾದ ಸಕ್ಕರೆ ಹರಳಿನಂತೆ ಉಳಿದ ಪ್ರೋಟೀನುಗಳನ್ನೂ ತನ್ನ ಆಕಾರಕ್ಕೆ ತರುತ್ತದೆ. ಅಲ್ಲಿ ಪ್ರತಿಯಾಗುವ ವಂಶವಾಹಿ ಇಲ್ಲ. ಅದು ನಮ್ಮದೇ ಪ್ರೋಟೀನ್ ಆದ್ದರಿಂದ ರಕ್ಷಣಾ ವ್ಯವಸ್ಥೆ ಅದನ್ನು ಪರಕೀಯವೆಂದು ಎಣಿಸುವುದಿಲ್ಲ. ಬಾಯಿಯ ಮೂಲಕ ಒಳಹೋದದ್ದು ಕರುಳಿನ ನರಗಳ ದಾರಿ ಹಿಡಿದು ಸದ್ದಿಲ್ಲದೆ ಮೆದುಳು ತಲುಪಬಲ್ಲದು.

ಈ ಎರಡು ಬಗೆಯ ಸೋಂಕುಗಳ ಅಂತರ ಅತ್ಯಂತ ಸ್ಪಷ್ಟವಾಗಿ ಕಂಡ ಪ್ರಸಂಗ ಸ್ಕಾಟ್ಲೆಂಡಿನದು. ಅಲ್ಲಿ ಲೂಪಿಂಗ್ ಇಲ್ ಎಂಬ ಕುರಿಗಳ ಕಾಯಿಲೆಯಿದೆ. ಅದೂ ಉಣುಗಿನಿಂದ ಹರಡುವಂಥದ್ದು. ಅದರ ವೈರಸ್ ಕ್ಯಾಸನೂರಿನ ವೈರಸ್ಸಿನ ಸಂಬಂಧಿಯೇ. 1930ರ ದಶಕದಲ್ಲಿ ಸೋಂಕಿತ ಕುರಿಗಳ ಮೆದುಳು, ಬೆನ್ನುಹುರಿ, ಗುಲ್ಮಗಳನ್ನು ಅರೆದು ಫಾರ್ಮಲಿನ್ ಬೆರೆಸಿ ಲಸಿಕೆ ತಯಾರಿಸಿದರು. ಫಾರ್ಮಲಿನ್ ವೈರಸ್ಸನ್ನು ಕೊಂದಿತು. ಲಸಿಕೆ ತನ್ನ ಕೆಲಸ ಮಾಡಿತು. ಆದರೆ ಒಂದು ಕಂತಿಗೆ ಬಳಸಿದ ಕುರಿಗಳಲ್ಲಿ ಸ್ಕ್ರೇಪಿ ಅಡಗಿತ್ತು. ಎರಡು ವರ್ಷ ಕಳೆದ ಮೇಲೆ ಲಸಿಕೆ ಪಡೆದ ಹಿಂಡುಗಳು ಬೇಲಿಗೆ ಮೈ ತಿಕ್ಕುತ್ತ ಕುಸಿಯತೊಡಗಿದವು. ಒಂದೇ ಪಾತ್ರೆಯಲ್ಲಿ ಒಂದೇ ರಾಸಾಯನಿಕಕ್ಕೆ ವೈರಸ್ ಸೋತಿತ್ತು, ಪ್ರಯಾನ್ ಉಳಿದಿತ್ತು. ಮೆದುಳಿನ ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಸಾಮಾನ್ಯ ಶುದ್ಧೀಕರಣ ಸಾಲದೆಂಬ ಇಂದಿನ ನಿಯಮದ ಹಿಂದೆ ಇಂಥ ಅನುಭವಗಳಿವೆ.

ಕುರು ನಿಂತದ್ದು ಔಷಧದಿಂದಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ಆ ಶವಸಂಸ್ಕಾರ ನಿಂತಿತು. ಆನಂತರ ಹುಟ್ಟಿದವರಲ್ಲಿ ಒಬ್ಬರಿಗೂ ಕುರು ಬರಲಿಲ್ಲ. ಮೊದಲೇ ಸೋಂಕು ತಗುಲಿದವರಲ್ಲಿ ಮಾತ್ರ ಅದು ದಶಕಗಟ್ಟಲೆ ಕಾದಿತ್ತು: 1996ರಿಂದ 2004ರ ನಡುವೆ ಪತ್ತೆಯಾದ 11 ಮಂದಿಯೂ 1960ಕ್ಕೆ ಮೊದಲು ಹುಟ್ಟಿದವರು.

ಮಲೆನಾಡಿಗೆ ಆ ಬಿಡುಗಡೆ ಸಿಕ್ಕಿಲ್ಲ. ದರಕು ತರುವುದನ್ನು ಬಿಟ್ಟು ಅಡಿಕೆ ತೋಟ, ಕೊಟ್ಟಿಗೆ ನಡೆಯವು. ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಹಬ್ಬಿತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಹಲವು ಜೀವಗಳನ್ನು ತೆಗೆದುಕೊಂಡಿತು. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಹಳೆಯ ಲಸಿಕೆಯ ರಕ್ಷಣೆ ಅಲ್ಪಕಾಲದ್ದಾಗಿತ್ತು. 2022ರಲ್ಲಿ ಅದರ ಬಳಕೆ ನಿಂತಿತು. ಮನುಷ್ಯರಿಂದ ಮನುಷ್ಯರಿಗೆ ಹರಡದ ಈ ಕಾಯಿಲೆಯಲ್ಲಿ ರೋಗಿಯನ್ನು ದೂರವಿಟ್ಟು ಪ್ರಯೋಜನವಿಲ್ಲ. ಅವರು ಹೋದ ಜಾಗವನ್ನು ಹುಡುಕಬೇಕು. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ ವಯಸ್ಸು, ಲಿಂಗ, ಜ್ವರದ ದಿನದ ಜೊತೆಗೆ ಕಳೆದ ಹತ್ತು ದಿನಗಳಲ್ಲಿ ರೋಗಿ ಯಾವ ಕಾಡಿಗೆ, ಯಾವ ಕೆಲಸಕ್ಕೆ, ಯಾರ ಜೊತೆ ಹೋಗಿದ್ದರು ಎಂಬುದನ್ನೂ ತಪ್ಪದೆ ಬರೆಯಬೇಕು. ಜೊತೆಗೆ ಹೋದವರ ಮನೆಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯೊಂದಿಗೆ ಆಶಾ ಕಾರ್ಯಕರ್ತೆ ಅದೇ ದಿನ ತಲುಪಬೇಕು.