ನಾರ್ವೆಯ ತೈಲ, ಬಸ್ರಾದ ಅರಿವು

1968ರ ಮೇ ತಿಂಗಳಲ್ಲಿ ಫಾರೂಕ್ ಅಲ್-ಕಾಸಿಮ್ ಎಂಬ ಇರಾಕಿ ಭೂವಿಜ್ಞಾನಿ ನಾರ್ವೆಯ ರಾಜಧಾನಿ ಓಸ್ಲೋಗೆ ಬಂದಿಳಿದರು. ಮಗನ ಚಿಕಿತ್ಸೆಗಾಗಿ ಬಸ್ರಾದ ದೊಡ್ಡ ನೌಕರಿ ಬಿಟ್ಟು ಪತ್ನಿಯ ತವರಿಗೆ ಹೊರಟಿದ್ದರು. ರೈಲಿಗೆ ಸಂಜೆಯವರೆಗೆ ಕಾಯಬೇಕಿತ್ತು. ಸುಮ್ಮನೆ ಕೂರುವುದೇಕೆಂದು ಕೈಗಾರಿಕಾ ಸಚಿವಾಲಯಕ್ಕೆ ಹೋಗಿ, ದೇಶದಲ್ಲಿರುವ ತೈಲ ಕಂಪನಿಗಳ ಪಟ್ಟಿ ಕೇಳಿದರು. ಪಟ್ಟಿ ಕೇಳಲು ಹೋದವರಿಗೆ ಕೆಲಸವೇ ಸಿಕ್ಕಿತು! ಸಮುದ್ರದಲ್ಲಿ ಬಾವಿ ಕೊರೆಯುತ್ತಿದ್ದ ಕಂಪನಿಗಳ ವರದಿಗಳನ್ನು ಓದಿ ಅರ್ಥ ಹೇಳಬಲ್ಲವರು ಅಲ್ಲಿ ಬೆರಳೆಣಿಕೆಯಷ್ಟೇ ಇದ್ದರು.

ಮರುವರ್ಷದ ಕೊನೆಗೆ ಉತ್ತರ ಸಮುದ್ರದ ತಳದಲ್ಲಿ ಎಕೋಫಿಸ್ಕ್ ಎಂಬ ಭಾರಿ ತೈಲ ನಿಕ್ಷೇಪ ಪತ್ತೆಯಾಯಿತು. ತೈಲ ಸಿಕ್ಕ ದೇಶದ ಪಾಡೇನೆಂದು ಅಲ್-ಕಾಸಿಮ್ ಬಲ್ಲರು. ಇರಾಕಿನ ಕಿರ್ಕುಕ್‌ನಲ್ಲಿ 1927ರಲ್ಲೇ ತೈಲ ಚಿಮ್ಮಿತ್ತು. ಆದರೆ ಎಲ್ಲಿ ಕೊರೆಯಬೇಕು, ಎಷ್ಟು ಎತ್ತಬೇಕು ಎಂಬುದನ್ನು ದಶಕಗಳ ಕಾಲ ತೀರ್ಮಾನಿಸಿದವರು ವಿದೇಶಿ ಕಂಪನಿಗಳವರು.

ನಾರ್ವೆ 1972ರಲ್ಲಿ ಎರಡು ಸಂಸ್ಥೆಗಳನ್ನು ಬೇರೆಬೇರೆಯಾಗಿ ಹುಟ್ಟುಹಾಕಿತು. ವ್ಯಾಪಾರಕ್ಕೆ ಸ್ಟಾಟ್‌ಆಯಿಲ್, ಮೇಲ್ವಿಚಾರಣೆಗೆ ಪೆಟ್ರೋಲಿಯಂ ನಿರ್ದೇಶನಾಲಯ. ಆಡುವವನೇ ಅಂಪೈರ್ ಆಗಬಾರದಲ್ಲ! ಈ ಏರ್ಪಾಡಿನ ಕರಡು ಸಿದ್ಧಪಡಿಸಿದವರಲ್ಲಿ ಅಲ್-ಕಾಸಿಮ್ ಒಬ್ಬರು. ಹಾಗೆಂದು ಎಲ್ಲ ಕೀರ್ತಿಯನ್ನೂ ಒಬ್ಬರಿಗೇ ಕಟ್ಟುವುದು ಸರಿಯಲ್ಲ. ಜಲಪಾತಗಳಿಂದ ವಿದ್ಯುತ್ ತೆಗೆಯಲು ಬಂದ ಖಾಸಗಿ ಬಂಡವಾಳಕ್ಕೆ, ಅವಧಿ ಮುಗಿದ ಮೇಲೆ ಸ್ಥಾವರವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು 1909ರಲ್ಲೇ ಕಾನೂನು ಮಾಡಿದ್ದ ದೇಶವದು. ಹಡಗು ಕಟ್ಟುವ ವಿದ್ಯೆಯೂ ಕೈಯಲ್ಲಿತ್ತು. ಅರ್ಥಶಾಸ್ತ್ರಜ್ಞರು ರಾಷ್ಟ್ರದ 'ಅಮೂರ್ತ ಬಂಡವಾಳ' ಎನ್ನುವುದು ಇದನ್ನೇ: ಜನರ ವಿದ್ಯೆ, ಕಾನೂನು, ಸಂಸ್ಥೆಗಳ ಮೇಲಿನ ನಂಬಿಕೆ.

ಈ ಬಂಡವಾಳದ ಬೆಲೆ ಎಷ್ಟೆಂಬುದು ಎಕೋಫಿಸ್ಕ್‌ನಲ್ಲೇ ಗೊತ್ತಾಯಿತು. ಅಲ್ಲಿನ ತೈಲ ಸೀಮೆಸುಣ್ಣದಂಥ ಕಲ್ಲಿನ ಅತಿ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದೆ. ಶೇಕಡಾ 17ರಷ್ಟು ಮಾತ್ರ ಮೇಲೆತ್ತಬಹುದೆಂದು ಮೊದಲು ಅಂದಾಜು ಮಾಡಲಾಗಿತ್ತು. ನೀರನ್ನು ಒತ್ತಡದಿಂದ ಒಳಹಾಯಿಸಿದರೆ ಇನ್ನಷ್ಟು ಸಿಗುತ್ತದೆಂದು ನಿರ್ದೇಶನಾಲಯ ಪಟ್ಟು ಹಿಡಿಯಿತು. ಖರ್ಚು ದೊಡ್ಡದು, ಫಲ ಅನಿಶ್ಚಿತವೆಂದು ಕಂಪನಿಗಳು ಹಿಂದೆಮುಂದೆ ನೋಡಿದವು. ಈ ನಡುವೆ ತೈಲ ತೆಗೆದಂತೆಲ್ಲ ಸಮುದ್ರದ ತಳವೇ ಕುಸಿಯತೊಡಗಿತು. 1987ರಲ್ಲಿ ಉಕ್ಕಿನ ಅಟ್ಟಣೆಗಳನ್ನು ಜ್ಯಾಕ್ ಹಾಕಿ 6 ಮೀಟರ್ ಎತ್ತರಿಸಬೇಕಾಯಿತು. ಅದೇ ವರ್ಷ ದೊಡ್ಡ ಪ್ರಮಾಣದಲ್ಲಿ ನೀರು ಹಾಯಿಸುವ ಕೆಲಸವೂ ಆರಂಭವಾಯಿತು. ಅಂದಾಜು ಏರುತ್ತ ಹೋಗಿ ಸುಮಾರು ಅರ್ಧದಷ್ಟನ್ನು ಮುಟ್ಟಿದೆ. ಕಲ್ಲಿನೊಳಗೆ ಒಂದು ಹನಿಯೂ ಹೆಚ್ಚಾಗಿರಲಿಲ್ಲ.

ಪರವಾನಗಿ ಬೇಕಾದ ಕಂಪನಿಗಳು ನಾರ್ವೆಯ ಸಂಶೋಧನಾ ಸಂಸ್ಥೆಗಳ ಜೊತೆ ಕೈಜೋಡಿಸಬೇಕೆಂದು ಸರ್ಕಾರ ಒತ್ತಾಯಿಸಿದ್ದೂ ವ್ಯರ್ಥವಾಗಲಿಲ್ಲ. ಅಲ್ಲಿ ಕಲಿತ ಸಮುದ್ರತಳದ ಎಂಜಿನಿಯರಿಂಗ್ ವಿದ್ಯೆಯನ್ನು ನಾರ್ವೆಯ ಕಂಪನಿಗಳು ದೂರದ ಬ್ರೆಜಿಲ್ ಕರಾವಳಿಗೂ ಮಾರಿವೆ. ತೈಲದ ಹಣ ಕೂಡಿಡಲು 1990ರಲ್ಲಿ ಕಾನೂನಾಗಿ, 1996ರಲ್ಲಿ ಮೊದಲ ಕಂತು ಜಮೆಯಾದ ನಿಧಿಯಲ್ಲಂತೂ ಇಂದು ತೈಲದಿಂದ ನೇರವಾಗಿ ಬಂದ ಹಣಕ್ಕಿಂತ ಹೂಡಿಕೆಯ ಗಳಿಕೆಯೇ ಹೆಚ್ಚು.