ಸಮತೋಲನ ಯಾರದು?

2021ರಲ್ಲಿ ಕೋವಿಡ್‌ಗೆ ಬಲಿಯಾದ ಸೋದರಮಾವನ ವರ್ಷದ ತಿಥಿಯಲ್ಲಿ ಯಾರೋ ಹೇಳಿದರು: ‘ಪ್ರಕೃತಿ ತನ್ನ ಸಮತೋಲನ ತಾನೇ ಸರಿಮಾಡಿಕೊಂಡಿತು.’ ಚೀನಾದ ಯಿನ್-ಯಾಂಗ್ ತತ್ತ್ವವೂ ಇದೇ ಇರಬೇಕೆಂದು ನಾನು ತಲೆಯಾಡಿಸಿದ್ದೆ. ಆಮೇಲೆ ಆ ವೈದ್ಯರ ಚರಿತ್ರೆ ಓದಿ ನಾಚಿಕೆಯಾಯಿತು.

ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲದ ವೈದ್ಯ ಝಾಂಗ್ ಝೊಂಗ್‌ಜಿಂಗ್. ಇನ್ನೂರಕ್ಕೂ ಹೆಚ್ಚು ಜನರಿದ್ದ ತನ್ನ ಕುಲದಲ್ಲಿ, ಕ್ರಿ.ಶ. 196ರಿಂದ ಹತ್ತು ವರ್ಷ ತುಂಬುವುದರೊಳಗೆ ಮೂರರಲ್ಲಿ ಎರಡು ಪಾಲು ಜನ ಸತ್ತರೆಂದು ಅವನ ಮುನ್ನುಡಿ ಹೇಳುತ್ತದೆ. ಉಳಿಸಿಕೊಳ್ಳಲಾಗದ ಅಕಾಲ ಮರಣಗಳಿಗೆ ಮರುಗಿ ಅವನು ವೈದ್ಯಗ್ರಂಥ ಬರೆದ. ಜ್ವರವನ್ನು ಮೂರು ಯಾಂಗ್, ಮೂರು ಯಿನ್ ಹಂತಗಳಾಗಿ ವಿಂಗಡಿಸಿದ. ಬೆವರು ಬಂದಿದೆಯೇ? ಕೈಕಾಲು ತಣ್ಣಗಿವೆಯೇ? ನಾಡಿ ಹೇಗಿದೆ? ಯಿನ್-ಯಾಂಗ್ ಅಲ್ಲಿ ಸಮಾಧಾನದ ಮಾತಲ್ಲ, ರೋಗಿಯ ಪಕ್ಕ ಕೂತು ಕೇಳುವ ಪ್ರಶ್ನೆ.

1641ರಲ್ಲಿ ಮಿಂಗ್ ಚೀನಾದಲ್ಲಿ ಮತ್ತೊಂದು ಸಾಂಕ್ರಾಮಿಕ ಹಬ್ಬಿದಾಗ ಹಳೆಯ ಚಿಕಿತ್ಸೆ ಫಲಿಸಲಿಲ್ಲ. ಇದು ಚಳಿ-ಬಿಸಿಲಿನ ಏರುಪೇರಲ್ಲ, ಮೂಗು ಬಾಯಿಗಳಿಂದ ಒಳಹೊಗುವ ಬೇರೊಂದು ಕೆಟ್ಟ ‘ಚೀ’ ಎಂದು ವೂ ಯೋಶಿಂಗ್ ಎಂಬ ವೈದ್ಯ 1642ರಲ್ಲಿ ಬರೆದ. ಫಲಿಸದ ವಿದ್ಯೆಯನ್ನು ತಿದ್ದಲು ಅವನು ಅಂಜಲಿಲ್ಲ.

ಇಬ್ಬರೂ ಸಾವನ್ನು ಪ್ರಕೃತಿಯ ಜಮಾಖರ್ಚಿಗೆ ಬರೆದು ಕೈತೊಳೆದುಕೊಳ್ಳಲಿಲ್ಲ. ಅವರು ಹುಡುಕಿದ ಸಮತೋಲನ, ಮಲಗಿದ ರೋಗಿಯ ಮೈಗೆ ಮರಳಬೇಕಾದದ್ದು. ನನ್ನ ಮಾವ ಯಾವ ತಕ್ಕಡಿಯನ್ನೂ ಸರಿದೂಗಿಸಲು ಹೋದವನಲ್ಲ. ಅಂದು ತಲೆಯಾಡಿಸಬಾರದಿತ್ತು.