ಸರ್ಪಸುತ್ತು: ಚೀಟಿಯಲ್ಲಿ ಬರೆಯದ ಆರೈಕೆ

ಸರ್ಪಸುತ್ತಿನ ಬಗ್ಗೆ ಈಗ ಎರಡು ಮಾತು ಚಾಲ್ತಿಯಲ್ಲಿವೆ. ಗರಿಕೆ, ಅರಿಸಿನ ಅರೆದು ಹಚ್ಚಿದರೆ ಮೂರೇ ದಿನಕ್ಕೆ ವಾಸಿ ಎನ್ನುತ್ತವೆ ಮೊಬೈಲಿಗೆ ಬರುವ ವಿಡಿಯೋಗಳು. ಮಾತ್ರೆ ನುಂಗಿದರೆ ಸಾಕು, ಮನೆಯಲ್ಲಿ ಮಾಡುವುದೆಲ್ಲ ಮೌಢ್ಯ ಎನ್ನುತ್ತಾರೆ ನನ್ನ ಕಿರಿಯ ಸಹೋದ್ಯೋಗಿಗಳು. ಚರ್ಮರೋಗ ವಿಭಾಗದಲ್ಲೇ ತಲೆ ನರೆತ ನನಗೆ ಎರಡೂ ಒಪ್ಪಿಗೆಯಿಲ್ಲ. ಮೊದಲನೆಯದು ಅಪಾಯಕಾರಿ. ಎರಡನೆಯದು ಈ ರೋಗದವರ ಜೊತೆ ಒಂದು ರಾತ್ರಿಯೂ ಕೂರದವರ ಮಾತು.

ಹಳೆಯ ಕಥೆಯನ್ನು ಬೇಗ ಮುಗಿಸೋಣ. ಆಯುರ್ವೇದದ ಗ್ರಂಥಗಳು ವಿಸರ್ಪವೆಂಬ ಹೆಸರಿನಡಿ ಉರಿಯುತ್ತ ಹರಡುವ ಚರ್ಮರೋಗಗಳನ್ನು ವರ್ಣಿಸಿವೆ. ಅದರಲ್ಲಿ ಸರ್ಪಸುತ್ತು ಯಾವುದು ಎಂಬ ಜಗಳ ಪಂಡಿತರಿಗಿರಲಿ. ನಮ್ಮ ಹಳ್ಳಿಗಳಲ್ಲಿ ಕೆಮ್ಮಣ್ಣಿನ ಲೇಪ, ಗರಿಕೆ ರಸ, ನಾಗನಿಗೆ ಹರಕೆ ನಡೆದುಬಂದವು. ತಮಿಳುನಾಡಿನಲ್ಲಿ ಕುಂಬಾರರಿಂದ ಕಾವಿ ಬರೆಸುವ ವಾಡಿಕೆ. ಗುಳ್ಳೆಸಾಲಿನ ಹೆಡೆ-ಬಾಲ ಕೂಡಿದರೆ ಜೀವಕ್ಕೇ ಸಂಚಕಾರ ಎಂಬ ಭಯ ಮಾತ್ರ ಇನ್ನೂ ಹೋಗಿಲ್ಲ. ಗುಳ್ಳೆಗಳು ಒಂದು ನರದ ದಾರಿ ಹಿಡಿದು ಸಾಗುತ್ತವೆ, ಆ ನರದ ಹರವು ಮೈಯ ನಡುಗೆರೆಗೆ ನಿಲ್ಲುತ್ತದೆ. ಹಾಗಾಗಿ ಸಾಮಾನ್ಯವಾಗಿ ಅವು ಕೂಡುವುದೇ ಇಲ್ಲ. ರೋಗದ ಮೂಲ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿದೆ ಎಂದು ಜರ್ಮನಿಯ ಬೇರೆನ್‌ಸ್ಪ್ರುಂಗ್ 1860ರ ದಶಕದಲ್ಲೇ ತೋರಿಸಿದ್ದರು. 1950ರ ದಶಕದಲ್ಲಿ ಥಾಮಸ್ ವೆಲ್ಲರ್, ಸೀತಾಳೆ ಸಿಡುಬು ಮತ್ತು ಸರ್ಪಸುತ್ತು ಎರಡಕ್ಕೂ ಒಂದೇ ವೈರಸ್ ಕಾರಣವೆಂದು ಪ್ರಯೋಗಾಲಯದಲ್ಲಿ ಖಚಿತಪಡಿಸಿದರು.

ನನಗೆ ಹೆಚ್ಚು ಮೆಚ್ಚುಗೆ ಎಡ್ಗರ್ ಹೋಪ್-ಸಿಂಪ್ಸನ್ ಬಗ್ಗೆ. ಅವರು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯ. ತಮ್ಮ ರೋಗಿಗಳ ದಾಖಲೆಯನ್ನು ವರ್ಷಗಟ್ಟಲೆ ಇಟ್ಟುಕೊಂಡು, ಬಾಲ್ಯದ ಸೀತಾಳೆ ಸಿಡುಬಿನ ವೈರಸ್ ನರಗಂಟಿನಲ್ಲಿ ಅಡಗಿದ್ದು ಮೈಯ ಪ್ರತಿರೋಧ ಕುಗ್ಗಿದಾಗ ಹೊರಬರುತ್ತದೆ ಎಂಬ ವಾದವನ್ನು 1965ರಲ್ಲಿ ಮುಂದಿಟ್ಟರು. ಯಂತ್ರಗಳಿಗಿಂತ ರೋಗಿಯ ಪರಿಚಯ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಾವು ವಾರ್ಡಿಗೆ ಕಾಲಿಟ್ಟ ಕಾಲಕ್ಕೆ ಈ ವೈರಸ್ಸನ್ನು ತಡೆಯುವ ಏಸೈಕ್ಲೋವಿರ್ ಪುಸ್ತಕದಲ್ಲಿತ್ತು, ಬಡವರ ಕೈಗೆ ಬಂದಿರಲಿಲ್ಲ. ಇದ್ದದ್ದು ಒದ್ದೆ ಬಟ್ಟೆ, ಕ್ಯಾಲಮೈನ್ ಮತ್ತು ಹಿರಿಯ ಸಿಸ್ಟರ್‌ಗಳು. ಅವರು ಕಲಿಸಿದ ಕ್ರಮ ಇವತ್ತಿಗೂ ಬದಲಾಗಬೇಕಿಲ್ಲ. ತೊಳೆದ ಹಳೆಯ ಹತ್ತಿ ಪಂಚೆಯ ತುಂಡು. ಕುದಿಸಿ ಆರಿಸಿದ ನೀರು. ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಗುಳ್ಳೆಗಳ ಮೇಲೆ ಹತ್ತಿಪ್ಪತ್ತು ನಿಮಿಷ ಹಾಸುವುದು, ದಿನಕ್ಕೆ ಮೂರ್ನಾಲ್ಕು ಸಲ. ಐಸ್ ಇಡಬಾರದು. ಗುಳ್ಳೆ ಒಡೆಯಬಾರದು. ಒಡೆದು ರಸ ಒಸರುವ ಜಾಗಕ್ಕೆ ಕ್ಯಾಲಮೈನ್ ಬೇಡ, ಗಾಯಕ್ಕೆ ಅಂಟುವ ಹತ್ತಿ ಉಂಡೆಯೂ ಬೇಡ. ಇನ್ನೊಂದು ವಿಚಿತ್ರವನ್ನೂ ಅವರೇ ತೋರಿಸಿದ್ದು: ಫ್ಯಾನಿನ ಗಾಳಿ, ಅಂಗಿಯ ಅಂಚು ಸೋಕಿದರೆ ಚೀರುವ ರೋಗಿ, ಅದೇ ಜಾಗಕ್ಕೆ ಮೆತ್ತನೆಯ ಬಟ್ಟೆಯನ್ನು ತುಸು ಬಿಗಿಯಾಗಿ ಸುತ್ತಿದರೆ ನಿದ್ದೆಹೋಗುವುದುಂಟು. ನರ ಕೆರಳಿರುವಾಗ ಹಗುರ ಸ್ಪರ್ಶವೇ ಹೆಚ್ಚು ನೋಯಿಸುತ್ತದೆ.

ಏಸೈಕ್ಲೋವಿರ್ ಸಿದ್ಧವಾದ ಸಂಶೋಧನೆಯ ಹಿಂದಿದ್ದ ಗರ್‌ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಹಂಚಿಕೊಂಡರು. ಮುಂದೆ ಮಾತ್ರೆ ಅಗ್ಗವಾಯಿತು. ವಯಸ್ಕರಿಗೆ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಫಲ ಹೆಚ್ಚು. ಕೆಮ್ಮಣ್ಣಿನ ಮೇಲೆ ನನ್ನ ದೂರು ಇಲ್ಲಿದೆ. ಅದರ ತಂಪು ಸುಳ್ಳಲ್ಲ, ಆದರೆ ಅದು ಆ ಮೂರು ದಿನಗಳನ್ನು ತಿಂದುಹಾಕುತ್ತದೆ, ಒಡೆದ ಗುಳ್ಳೆಗೆ ಕೀವನ್ನೂ ತರಬಲ್ಲದು. ಇನ್ನು ಏಸೈಕ್ಲೋವಿರ್ ಮುಲಾಮು ಈ ರೋಗಕ್ಕೆ ಉಪಯೋಗವಿಲ್ಲದಿದ್ದರೂ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಅದನ್ನು ಯಾರೂ ಮೌಢ್ಯ ಎನ್ನುವುದಿಲ್ಲ.

ತೊಂಬತ್ತರ ದಶಕದ ಬಗ್ಗೆ ನಮ್ಮ ಪಠ್ಯಗಳು ಒಂದೇ ಸಾಲು ಬರೆಯುತ್ತವೆ: ಎಳೆಯರಲ್ಲಿ ಸರ್ಪಸುತ್ತು ಕಂಡರೆ ಎಚ್‌ಐವಿ ಪರೀಕ್ಷೆ ಮಾಡಿಸಿ. 1986ರಲ್ಲಿ ಚೆನ್ನೈಯಲ್ಲಿ ಸೋಂಕು ಪತ್ತೆಯಾದ ಮೇಲೆ ಆ ಸಲಹೆ ಸರಿಯಾದದ್ದೇ. ಆದರೆ ಅದರ ಬೆನ್ನಿಗೆ ಮನೆಗಳಲ್ಲಿ ತಟ್ಟೆ-ಲೋಟ ಬೇರೆಯಾಯಿತು, ಮಗನನ್ನು ಜಗಲಿಯಲ್ಲಿ ಮಲಗಿಸಿದರು. ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಸೀತಾಳೆ ಸಿಡುಬು ಆಗದವರಿಗೆ ಗುಳ್ಳೆಯ ರಸದಿಂದ ಆ ಸಿಡುಬು ಬರಬಹುದು, ಅಷ್ಟೆ. ಹಕ್ಕಳೆ ಕಟ್ಟುವವರೆಗೆ ಗುಳ್ಳೆ ಮುಚ್ಚಿಕೊಂಡು, ಸಿಡುಬು ಆಗದ ಗರ್ಭಿಣಿಯರಿಂದ, ಹಸುಗೂಸುಗಳಿಂದ ದೂರವಿದ್ದರೆ ಸಾಕು. ಈ ಮೂರು ವಾಕ್ಯ ಹೇಳಲು ನಮಗೆ ಪುರುಸೊತ್ತಿರಲಿಲ್ಲ.

ಗುಳ್ಳೆ ಒಣಗಿ ತಿಂಗಳುಗಳಾದರೂ ಉಳಿಯುವ ನೋವಿಗೆ ಮೊದಲು ಸಿಕ್ಕ ಆಸರೆ ಅಮಿಟ್ರಿಪ್ಟಿಲಿನ್, ಆಮೇಲೆ ಗ್ಯಾಬಪೆಂಟಿನ್, ಲಿಡೊಕೇನ್ ಪಟ್ಟಿ. ಮೊದಲನೆಯದು ಖಿನ್ನತೆಯ ಮಾತ್ರೆಯೆಂದು ಗೊತ್ತಾದೊಡನೆ ಎಷ್ಟೋ ಹಿರಿಯರು ನಿಲ್ಲಿಸಿಬಿಡುತ್ತಾರೆ. ನೋವಿನ ನರಕ್ಕಾಗಿ, ಕಡಿಮೆ ಪ್ರಮಾಣದಲ್ಲಿ ಕೊಟ್ಟಿದ್ದು ಎಂದು ಬಿಡಿಸಿ ಹೇಳಿದರೆ ಮುಂದುವರಿಸುತ್ತಾರೆ. ಲಸಿಕೆಯ ವಿಷಯ ಎಲ್ಲರೂ ಬರೆಯುತ್ತಿದ್ದಾರೆ. ಅಮೆರಿಕದಲ್ಲಿ 2006ರಲ್ಲಿ ಒಂದು, 2017ರಲ್ಲಿ ಅದಕ್ಕಿಂತ ಬಲವಾದ ಇನ್ನೊಂದು ಬಂತು. ಎರಡನೆಯದು 2023ರಿಂದ ನಮ್ಮಲ್ಲೂ ಸಿಗುತ್ತಿದೆ, 50 ದಾಟಿದವರಿಗೆ ಎರಡು ಡೋಸು. ಒಳ್ಳೆಯ ಲಸಿಕೆ, ಬೆಲೆ ಮಾತ್ರ ಪಿಂಚಣಿದಾರನೂ ಎರಡು ಸಲ ಯೋಚಿಸುವಂಥದ್ದು, ಕೂಲಿಯವರ ಮಾತು ದೂರ. ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಅದಿಲ್ಲ.

ಔಷಧ, ಲಸಿಕೆಗಳ ಮೇಲೆ ನಡೆದಷ್ಟು ಅಧ್ಯಯನ ಒದ್ದೆ ಬಟ್ಟೆಯ ಮೇಲೆ ನಡೆದಿಲ್ಲ. ಅದನ್ನು ಮಾರುವ ಕಂಪನಿಯಿಲ್ಲವಲ್ಲ! ಹಳ್ಳಿಯ ಲೇಪಗಳಲ್ಲಿ ತಂಪು ಕೊಡುವುದು ಯಾವುದು, ಚರ್ಮ ಸುಡುವುದು ಯಾವುದು ಎಂದು ವಿಂಗಡಿಸುವ ಕೆಲಸ ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಇನ್ನೂ ಬಾಕಿಯಿದೆ. ಅದಕ್ಕೆ ಅನುದಾನ ಬರುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಮಾತ್ರೆಯ ಹೆಸರು ಬರೆದ ಚೀಟಿಯಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಬಹುದು: ಒದ್ದೆ ಬಟ್ಟೆ ಹೀಗೆ ಹಾಸಿ. ಹಣೆ, ಕಣ್ಣು, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಕಿವಿಯಲ್ಲಿ ಗುಳ್ಳೆಯೆದ್ದು ಬಾಯಿ ಸೊಟ್ಟಗಾದರೆ ಆ ಕ್ಷಣವೇ ಆಸ್ಪತ್ರೆಗೆ ಬನ್ನಿ. ಗುಳ್ಳೆ ಮಾಸಿದ ಮೇಲೂ ನೋವಿದ್ದರೆ ಸಹಿಸಿಕೊಂಡು ಕೂರಬೇಡಿ, ಅದಕ್ಕೂ ಔಷಧವಿದೆ.